ಕ್ರೈಸ್ತನಿಗೆ ಗರಡಿ ಸಲ್ಲುವುದೆ?

ಕುಸ್ತಿ, ಕರಾಟೆ, ಕಳರಿಪ್ಪಯಟ್ಟು ಮೊದಲಾದ ಕಾಳಗದ ಕಲೆಗಳನ್ನು ಕ್ರೈಸ್ತನಾದವನು ಅಭ್ಯಾಸ ಮಾಡಬಹುದೆ ಎಂಬ ಪ್ರಶ್ನೆ ಹೊರಗಿನವರ ಕಿವಿಗೆ ವಿಚಿತ್ರವಾಗಿ ತೋರಬಹುದು. ದಂಡ ಹೊಡೆದರೆ ತೋಳು ಬಲಿಯುತ್ತದೆ, ಬಸ್ಕಿ ತೆಗೆದರೆ ತೊಡೆ ಬಲಿಯುತ್ತದೆ, ಇದರಲ್ಲಿ ಮತವೆಲ್ಲಿ ಬಂತು ಎಂದು ಅವರು ಕೇಳಿಯಾರು. ಆದರೆ ಬೆಂಗಳೂರಿನ ಉತ್ತರ ದಿಕ್ಕಿನ ಹೆಬ್ಬಾಳ, ಯಲಹಂಕ, ಯಶವಂತಪುರಗಳಲ್ಲಿ, ರವೀಂದ್ರನಾಥ ಟಾಗೋರರ ಹೆಸರನ್ನು ಎರಡಕ್ಷರಕ್ಕೆ ಇಳಿಸಿಕೊಂಡಿರುವ ಆರ್.ಟಿ. ನಗರದಲ್ಲಿ, ವಾಸವಾಗಿರುವ ನಮ್ಮಂಥ ಕ್ರೈಸ್ತ ಕುಟುಂಬಗಳಿಗೆ ಇದು ಮನೆಯೊಳಗಿನ ಪ್ರಶ್ನೆ. ಮಗನನ್ನು ಕರಾಟೆಗೆ ಸೇರಿಸಿದ ತಾಯಿ, ಭಾನುವಾರದ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರ ಮುಂದೆ ನಿಂತು ಉತ್ತರ ಹೇಳಬೇಕಾದ ಸಂದರ್ಭಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಆಗುವ ತೀರ್ಮಾನದ ಮೇಲೆ ಒಂದು ಮಗುವಿನ ಸಂಜೆಗಳು ನಿಂತಿರುತ್ತವೆ.

ಹದಿಹರೆಯದಲ್ಲಿ ನಾನು ಯಶವಂತಪುರದ ಕಡೆಯ ಒಂದು ಗರಡಿಯಲ್ಲಿ ಮೈಗೆ ಮಣ್ಣು ಮೆತ್ತಿಕೊಂಡವನು. ಅನಂತರ ಕರಾಟೆಯನ್ನು ಕಲಿತು, ಬಹಳ ವರ್ಷಗಳಿಂದ ಆರ್.ಟಿ. ನಗರದಲ್ಲಿ ಮಕ್ಕಳಿಗೆ ಅದನ್ನು ಕಲಿಸುತ್ತಿರುವವನು. ಭಾನುವಾರ ಬೆಳಿಗ್ಗೆ ದೇವಾಲಯದ ಬೆಂಚಿನ ಮೇಲೆ ಕೂರುವವನು. ಆದಕಾರಣ ಈ ಪ್ರಶ್ನೆ ನನ್ನನ್ನು ಎರಡೂ ಕಡೆಯಿಂದ ಬಂದು ಮುಟ್ಟಿದೆ. ಅದನ್ನು ಬಿಡಿಸಿ ನೋಡುವುದೇ ಈ ಭಾಷಣದ ಉದ್ದೇಶ.

ಬಿಡಿಸಿದಾಗ ಮೊದಲು ಕಾಣುವುದೆಂದರೆ, ಇಲ್ಲಿ ಹೆಣೆದುಕೊಂಡಿರುವುದು ಒಂದು ಪ್ರಶ್ನೆಯಲ್ಲ, ಎರಡು. ಒಂದು ಕೈಗೆ ಸಂಬಂಧಿಸಿದ್ದು: ಹೊಡೆಯುವುದನ್ನು ಕಲಿಯಬಹುದೆ? ಇನ್ನೊಂದು ತಲೆಗೆ ಸಂಬಂಧಿಸಿದ್ದು: ಬಾಗುವುದಾದರೆ ಯಾರಿಗೆ ಬಾಗುತ್ತೇನೆ? ಆಶ್ಚರ್ಯವೆಂದರೆ, ನಮ್ಮ ಸಭೆಗಳಲ್ಲಿ ಮಾತೆಲ್ಲ ತಲೆಯ ವಿಚಾರವಾಗಿಯೇ ನಡೆಯುತ್ತದೆ. ಕೈಯ ವಿಚಾರವನ್ನು ಎತ್ತುವವರು ವಿರಳ. ಬಾಗುವುದಕ್ಕೆ ಹೆದರುವವರು ಗುದ್ದುವುದಕ್ಕೆ ಹೆದರುವುದಿಲ್ಲ. ಇದು ತಿರುವುಮುರುವಾದ ಕ್ರಮವೆಂದು ನನ್ನ ಅಭಿಪ್ರಾಯ. ಆದರೂ ಜನ ಕೇಳುವ ಕ್ರಮದಲ್ಲಿಯೇ ಉತ್ತರವನ್ನೂ ಹುಡುಕೋಣ.

ನಮ್ಮ ನೆಲದಲ್ಲಿ ಕಾಳಗದ ಕಲೆ ದೇವರನ್ನು ಬಿಟ್ಟು ಬದುಕಿದ್ದಿಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದುದನ್ನು ತಾವು ಪತ್ರಿಕೆಗಳಲ್ಲಿ ಓದಿರಬಹುದು. ಕ್ರಿಸ್ತಶಕ 750ರ ಸುಮಾರಿನದೆಂದು ಹೇಳಲಾಗುವ ಆ ಕಲ್ಲು ಗಂಗರ ಶ್ರೀಪುರುಷನ ಕಾಲದ್ದು. ಬೆಂಗಳೂರು ಸೀಮೆಯಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲೊಂದು. ಆಗ ಪೆರ್ಬೊಳಲ್ ಎಂದು ಕರೆಸಿಕೊಳ್ಳುತ್ತಿದ್ದ ಹೆಬ್ಬಾಳದ ಮೇಲೆ ರಾಷ್ಟ್ರಕೂಟರ ಕಡೆಯಿಂದ ದಾಳಿಯಾದಾಗ ಕಿಟ್ಟಯ್ಯನೆಂಬುವನು ಕಾದಿ ಮಡಿದ ವಿಚಾರ ಅದರಲ್ಲಿದೆ. ಹೀಗೆ ಕಾದಿ ಸತ್ತವನು ಇಂದ್ರಲೋಕಕ್ಕೆ ಹೋಗುತ್ತಾನೆ. ಅವನ ಹೆಸರಿನ ಕಲ್ಲಿಗೆ ಊರು ಕೈಮುಗಿಯುತ್ತದೆ. ಕತ್ತಿ ಹಿಡಿದ ಕೈ, ಊರಿನ ಋಣ, ದೇವಲೋಕ ಈ ಮೂರೂ ಒಂದೇ ಕಲ್ಲಿನಲ್ಲಿ ಅಂಟಿಕೊಂಡಿವೆ. ನಮ್ಮ ಮನೆಗಳಿಂದ ನಡೆದು ಹೋಗುವಷ್ಟು ದೂರದಲ್ಲಿ ಸಿಕ್ಕಿದ ಕಲ್ಲದು. ಹಾಗಾಗಿ ಈ ಪ್ರಶ್ನೆ ಎಲ್ಲಿಂದಲೋ ಹಡಗಿನಲ್ಲಿ ಬಂದು ಇಳಿದದ್ದೆಂದು ಹೇಳುವಂತಿಲ್ಲ.

ಗರಡಿಯನ್ನೇ ನೋಡಿ. ತಗ್ಗಾದ ಬಾಗಿಲು, ಒಳಗೆ ಮಬ್ಬುಗತ್ತಲೆ, ನಡುವೆ ಕೆಂಪು ಮಣ್ಣಿನ ಮಟ್ಟಿ. ಆ ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡುತ್ತಾರೆ. ಗೋಡೆಯ ಗೂಡಿನಲ್ಲಿ ಹನುಮಂತ. ಪೈಲ್ವಾನನು ಚಪ್ಪಲಿಯನ್ನು ಹೊರಗೆ ಬಿಟ್ಟು, ಹನುಮಂತನಿಗೆ ಕೈಮುಗಿದು, ಮಟ್ಟಿಯ ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗಿಳಿಯುತ್ತಾನೆ. ಆದರೆ ಅವನಿಗೆ ಪಟ್ಟು ಕಲಿಸುವವರನ್ನು ಕರೆಯುವುದು ಉಸ್ತಾದ್ ಎಂದು, ಅವನು ಮಾಡುವ ಸಾಧನೆಯ ಹೆಸರು ತಾಲೀಮು, ಅವನೇ ಪೈಲ್ವಾನ್. ಈ ಮಾತುಗಳೆಲ್ಲ ಅರಬ್ಬಿ ಪಾರಸಿಗಳಿಂದ ಬಂದವು. ಮೈಸೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಮುಸಲ್ಮಾನ ಪೈಲ್ವಾನರಿಲ್ಲದ ಕುಸ್ತಿಯ ಚರಿತ್ರೆಯನ್ನು ಬರೆಯಲಾಗದು. ಹನುಮಂತನ ಗೂಡಿನ ಕೆಳಗೆ ಅಲ್ಲಾನ ಹೆಸರು ಹೇಳಿ ತೊಡೆ ತಟ್ಟಿದವರು ಅಲ್ಲಿದ್ದರು. ಇದನ್ನು ಯಾರೂ ಸಿದ್ಧಾಂತವಾಗಿ ಮಂಡಿಸಲಿಲ್ಲ. ಬೆಳಗಿನ ಐದು ಗಂಟೆಗೆ ತಾಲೀಮಿಗೆ ಬಂದವರಿಗೆ ಸಿದ್ಧಾಂತಕ್ಕೆ ಪುರುಸೊತ್ತಿರಲಿಲ್ಲ ಎನ್ನಬಹುದು.

ನಾನು ಸೇರಿದ ಗರಡಿಯಲ್ಲಿ ಕ್ರೈಸ್ತನೆಂದರೆ ನಾನೊಬ್ಬನೇ. ವಿಗ್ರಹದ ಮುಂದೆ ಕೈಮುಗಿಯಕೂಡದೆಂಬ ಕರಾರಿನ ಮೇಲೆ ತಂದೆಯವರು ನನ್ನನ್ನು ಕಳಿಸಿದ್ದರು. ಅದನ್ನು ಉಸ್ತಾದರಿಗೆ ಹೇಗೆ ಹೇಳುವುದೆಂದು ನಾನು ಎರಡು ದಿನ ತಳಮಳಿಸಿದೆ. ಹೇಳಿದಾಗ ಅವರು, "ನಿಮ್ಮ ಮನೇಲಿ ಬ್ಯಾಡ ಅಂದ್ರೆ ಬ್ಯಾಡ ಬಿಡು ಮಗ. ಮಟ್ಟಿ ಮುಟ್ಟದೆ ಮಾತ್ರ ಒಳಕ್ಕೆ ಇಳೀಬ್ಯಾಡ" ಎಂದರು. ಅದರಲ್ಲೇ ನಮ್ಮಿಬ್ಬರ ಒಪ್ಪಂದ ಮುಗಿಯಿತು. ಆದರೆ ಶನಿವಾರದ ಪೂಜೆಯ ತೆಂಗಿನಕಾಯಿ ಬೆಲ್ಲ ಕೈಗೆ ಬಂದಾಗ ಏನು ಮಾಡುವುದು? ಅದನ್ನು ಒಪ್ಪಂದದಲ್ಲಿ ಸೇರಿಸಿರಲಿಲ್ಲ.

ಅದು ಎರಡು ಸಾವಿರ ವರ್ಷಗಳಷ್ಟು ಹಳೆಯ ಸಮಸ್ಯೆಯೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದ 8ನೆಯ ಮತ್ತು 10ನೆಯ ಅಧ್ಯಾಯಗಳಲ್ಲಿ ಚರ್ಚೆಯಾಗುವುದು ಇದೇ: ವಿಗ್ರಹಕ್ಕೆ ಅರ್ಪಿಸಿದ ಪದಾರ್ಥವನ್ನು ಕ್ರೈಸ್ತನು ತಿನ್ನಬಹುದೆ? ಇವೆರಡರ ನಡುವೆ, 9ನೆಯ ಅಧ್ಯಾಯದ ಕೊನೆಯಲ್ಲಿ, ಅವನು ಓಟಗಾರನ ಮತ್ತು ಮುಷ್ಟಿಕಾಳಗದವನ ಹೋಲಿಕೆಯನ್ನು ತರುತ್ತಾನೆ. ತಾನು ಗುರಿಯಿಲ್ಲದೆ ಕೈಬೀಸುವ ಜಟ್ಟಿಯಲ್ಲವೆಂಬ ಅರ್ಥದ ಮಾತನ್ನಾಡುತ್ತಾನೆ. ಪ್ರಸಾದದ ಪ್ರಶ್ನೆಯೂ ಜಟ್ಟಿಯ ಉಪಮೆಯೂ ಒಂದೇ ಉಸಿರಿನಲ್ಲಿ ಬರುವುದು ಆಕಸ್ಮಿಕವಲ್ಲ. ಕೊರಿಂಥದ ಸಮೀಪದ ಇಸ್ತಮಿಯದಲ್ಲಿ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡೋತ್ಸವ ನಡೆಯುತ್ತಿತ್ತು. ಕುಸ್ತಿಯೂ ಮುಷ್ಟಿಯುದ್ಧವೂ ಅಲ್ಲಿದ್ದವು. ಆ ಉತ್ಸವ ಯಾರ ಹೆಸರಿನಲ್ಲಿ? ಸಮುದ್ರದೇವತೆಯಾದ ಪೊಸೈಡನ್ನನ ಹೆಸರಿನಲ್ಲಿ. ಅದು ನಡೆಯುತ್ತಿದ್ದದ್ದು ಅವನ ಗುಡಿಯ ಪಕ್ಕದಲ್ಲಿ. ಎಂದರೆ, ಪೌಲನು ತನ್ನ ಅತ್ಯಂತ ಗಟ್ಟಿಯಾದ ಉಪಮೆಯನ್ನು ಎತ್ತಿಕೊಂಡದ್ದು ಅನ್ಯದೇವತೆಯ ಜಾತ್ರೆಯ ಮಟ್ಟಿಯಿಂದ. ಜಟ್ಟಿಯ ಸಂಯಮ ಅವನಿಗೆ ಬೇಕಾಗಿತ್ತು. ಪೊಸೈಡನ್ನನ ಬಲಿ ಬೇಕಾಗಿರಲಿಲ್ಲ.

ತಿನ್ನುವ ವಿಚಾರದಲ್ಲಿ ಅವನ ತೀರ್ಪು ಸೂಕ್ಷ್ಮವಾದದ್ದು. ವಿಗ್ರಹದಲ್ಲಿ ಯಾವ ಸತ್ವವೂ ಇಲ್ಲವೆಂದು ಬಲ್ಲವನಿಗೆ ಆ ಆಹಾರ ಬರಿಯ ಆಹಾರ. ಅಂಗಡಿಯಲ್ಲಿ ಕೊಂಡದ್ದನ್ನು, ಸ್ನೇಹಿತರ ಮನೆಯಲ್ಲಿ ಬಡಿಸಿದ್ದನ್ನು ಕೆದಕಿ ಕೇಳದೆ ತಿನ್ನಬಹುದು. ಆದರೆ ಪಕ್ಕದಲ್ಲಿರುವ ಮತ್ತೊಬ್ಬ ವಿಶ್ವಾಸಿ, ಇತ್ತೀಚಿನವರೆಗೂ ಆ ದೇವತೆಯನ್ನು ಪೂಜಿಸುತ್ತಿದ್ದವನು, ಇದನ್ನು ಕಂಡು ಕಂಗೆಟ್ಟರೆ ಬಿಟ್ಟುಬಿಡಬೇಕು. ಗುಡಿಯ ಬಲಿಪೀಠದಲ್ಲಿಯೇ ಪಾಲುಗೊಳ್ಳುವುದು ಮಾತ್ರ ಯಾವ ಕಾಲಕ್ಕೂ ಸಲ್ಲದು. ಇಲ್ಲಿ ನಿಯಮಕ್ಕಿಂತ ಮಿಗಿಲಾಗಿ ಮೂರು ಮುಖಗಳಿವೆ: ಮಾಡುವವನ ಮನಸ್ಸು, ಮಾಡುವ ಸ್ಥಳ, ನೋಡುವವನ ಕಣ್ಣು. ಮನಸ್ಸೊಂದು ಶುದ್ಧವಾಗಿದ್ದರೆ ಸಾಕೆನ್ನುವವರು ಕಡೆಯ ಎರಡನ್ನು ಮರೆಯುತ್ತಾರೆ. ಎಲ್ಲವನ್ನೂ ಬೇಡವೆನ್ನುವವರು ಮೊದಲನೆಯದನ್ನು ಮರೆಯುತ್ತಾರೆ.

ಬಾಗುವ ವಿಚಾರಕ್ಕೆ ಇದಕ್ಕಿಂತ ಹತ್ತಿರದ ಕಥೆಯೊಂದು ಹಳೆಯ ಒಡಂಬಡಿಕೆಯಲ್ಲಿದೆ. ನಮ್ಮ ಉಪದೇಶಗಳಲ್ಲಿ ದಾನಿಯೇಲನ ಮೂವರು ಗೆಳೆಯರ ಕಥೆ ಮತ್ತೆ ಮತ್ತೆ ಬರುತ್ತದೆ. ರಾಜನ ಚಿನ್ನದ ಪ್ರತಿಮೆಗೆ ಬಾಗಲೊಲ್ಲದೆ ಬೆಂಕಿಯ ಕುಲುಮೆಗೆ ಹೋದವರು ಅವರು. ನಾಮಾನನ ಕಥೆಯನ್ನೂ ಹೇಳುತ್ತಾರೆ, ಆದರೆ ಅವನು ಯೊರ್ದನ್ ಹೊಳೆಯಲ್ಲಿ ಮುಳುಗಿ ಕುಷ್ಠ ವಾಸಿಯಾದಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಮುಂದಿನ ಭಾಗವೇ ನಮಗೆ ಬೇಕಾದದ್ದು. ಅರಾಮ್ ದೇಶದ ಸೇನಾಪತಿಯಾದ ನಾಮಾನನು ಇನ್ನು ಮುಂದೆ ಇಸ್ರಯೇಲರ ದೇವರಿಗೆ ಮಾತ್ರ ಬಲಿ ಅರ್ಪಿಸುತ್ತೇನೆಂದು ಹೇಳಿ, ಅದಕ್ಕಾಗಿ ಎರಡು ಹೇಸರಗತ್ತೆ ಹೊರುವಷ್ಟು ಮಣ್ಣನ್ನು ಕೇಳಿಕೊಳ್ಳುತ್ತಾನೆ. ಬಳಿಕ ಸಂಕೋಚದಿಂದ ಮತ್ತೊಂದು ಮಾತನ್ನು ಎತ್ತುತ್ತಾನೆ: ತನ್ನ ಅರಸನು ರಿಮ್ಮೋನನ ಗುಡಿಗೆ ಹೋಗುವಾಗ ತನ್ನ ಕೈಯನ್ನು ಊರಿಕೊಂಡು ಹೋಗುತ್ತಾನೆ, ಅರಸ ಬಾಗಿದಾಗ ತಾನೂ ಬಾಗಬೇಕಾಗುತ್ತದೆ, ಇದೊಂದನ್ನು ದೇವರು ಕ್ಷಮಿಸಬೇಕು. ಪ್ರವಾದಿ ಎಲೀಷನು ಅವನನ್ನು ಗದರಿಸುವುದಿಲ್ಲ. ಆಗಬಹುದೆಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಸಮಾಧಾನದಿಂದ ಹೋಗೆಂದು ಕಳಿಸಿಬಿಡುತ್ತಾನೆ. ಕುಲುಮೆಯೂ ಈ ಬೀಳ್ಕೊಡುಗೆಯೂ ಒಂದೇ ಗ್ರಂಥದಲ್ಲಿವೆ. ಪ್ರತಿಮೆಯ ಮುಂದೆ ನಿಂತು ಎಲ್ಲರೂ ಪೂಜಿಸಲೇಬೇಕೆಂದು ರಾಜಾಜ್ಞೆಯಾದಾಗ ಬಾಗದಿರುವುದು ಒಂದು. ಮುದುಕನೊಬ್ಬ ಭುಜ ಹಿಡಿದು ಬಾಗಿದಾಗ ಜೊತೆಗೆ ಮೈ ಬಾಗುವುದು ಇನ್ನೊಂದು. ಮಟ್ಟಿಯ ಮಣ್ಣನ್ನು ನೆನೆದಾಗಲೆಲ್ಲ ನನಗೆ ನಾಮಾನನ ಹೇಸರಗತ್ತೆಗಳು ನೆನಪಾಗುತ್ತವೆ.

ಚರ್ಚಿನ ಇತಿಹಾಸದಲ್ಲಿ ಈ ಎರಡು ದಾರಿಗಳೂ ಹರಿದುಬಂದಿವೆ. ಆದಿಸಭೆಯ ಕಾಲದಲ್ಲಿ ತೆರ್ತುಲಿಯನ್ ಎಂಬ ಆಫ್ರಿಕದ ಲೇಖಕ ಮಲ್ಲರಂಗವೆಲ್ಲ ವಿಗ್ರಹಾರಾಧನೆಯ ಅಂಗವೆಂದು ಖಂಡಿಸಿ ಪುಸ್ತಕವನ್ನೇ ಬರೆದ. ಅವನ ಕಾಲದವನೇ ಆದ ಅಲೆಕ್ಸಾಂದ್ರಿಯದ ಕ್ಲೆಮೆಂತನು ಮಾತ್ರ, ಗೆಲುವಿನ ಹುಚ್ಚಿಲ್ಲದೆ ಆರೋಗ್ಯಕ್ಕಾಗಿ ಮಾಡುವ ಕುಸ್ತಿ ಒಳ್ಳೆಯದೆಂದು ತನ್ನ ಬೋಧೆಯಲ್ಲಿ ಸೇರಿಸಿದ.

ಭಾರತದ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ಕೇರಳದ ಸಂತ ತೋಮರ ಕ್ರೈಸ್ತರು ಅಲ್ಲಿಯ ಅರಸರ ಸೇನೆಗಳಲ್ಲಿ ಆಯುಧ ಹಿಡಿದಿದ್ದವರು. ಕಳರಿಯ ಶಿಕ್ಷಣ ಅವರಿಗೆ ಹೊಸದಲ್ಲ. 1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೇಜಸ್ ಕೊಚ್ಚಿಯ ಬಳಿಯ ಉದಯಂಪೇರೂರಿನಲ್ಲಿ ಸೇರಿಸಿದ ಧರ್ಮಸಭೆ ಅವರ ಎಷ್ಟೋ ಪದ್ಧತಿಗಳನ್ನು ಕತ್ತರಿಸಿತು. ವಿಗ್ರಹಕ್ಕೆ ನಮಿಸಬೇಕಾಗುವ ಅನ್ಯಮತದ ಗುರುಗಳ ಶಾಲೆಗಳಿಗೆ ಕ್ರೈಸ್ತ ಮಕ್ಕಳನ್ನು ಕಳಿಸಕೂಡದೆಂದು ಅದು ವಿಧಿಸಿತು. ಅದಕ್ಕೆ ಹೊಂದಿಕೊಂಡೇ, ಕ್ರೈಸ್ತ ಗುರುಗಳು ತಮ್ಮ ಶಾಲೆಗಳಲ್ಲಿ ಇತರ ಮಕ್ಕಳ ಸಲುವಾಗಿ ವಿಗ್ರಹವನ್ನು ಇರಿಸಕೂಡದೆಂಬ ವಿಧಿಯೂ ಇತ್ತು. ಬೇಡವೆಂದು ಬರೆದ ಕಾಗದವೇ ಇದ್ದುದಕ್ಕೆ ಸಾಕ್ಷಿ. ನೆರೆಯ ಮಗುವಿಗಾಗಿ ತನ್ನ ಶಾಲೆಯಲ್ಲಿ ಅದರ ದೇವರನ್ನು ಇಟ್ಟ ಕ್ರೈಸ್ತ ಗುರುವೊಬ್ಬ ಆ ಕಾಲದಲ್ಲಿದ್ದನೆಂಬುದು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಕಳರಿಯ ಹೆಜ್ಜೆಗಳೇನೂ ಆ ವಿಧಿಯಿಂದ ಅಳಿಯಲಿಲ್ಲ. ಕೇರಳದ ಕರಾವಳಿಯ ಕ್ರೈಸ್ತರು ಆಡುವ ಚವಿಟ್ಟುನಾಟಕದಲ್ಲಿ ಶಾರ್ಲಮೇನ್ ಚಕ್ರವರ್ತಿಯ ಕಥೆಯೊಳಗೆ ಅವು ಇಂದಿಗೂ ಕಾಣುತ್ತವೆ.

ಯಾವ ಆಚಾರ ಲೋಕರೂಢಿ, ಯಾವುದು ಪೂಜೆ ಎಂಬ ಜಗಳ ಅನಂತರ ಬಹಳ ಕಾಲ ನಡೆಯಿತು. ಮಧುರೆಯಲ್ಲಿ ರೊಬೆರ್ತೊ ದೆ ನೊಬಿಲಿ ಜನಿವಾರ, ಗಂಧ, ಶಿಖೆಗಳು ಲೋಕರೂಢಿಯೆಂದು ವಾದಿಸಿದ. 1623ರಲ್ಲಿ ಪೋಪರು ಷರತ್ತಿನ ಮೇಲೆ ಒಪ್ಪಿದರು. 17ನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಚಿನ್ನಾಮಿ ಮೊದಲಾದ ಜೆಸ್ವಿತರು ಅದೇ ಹಾದಿ ಹಿಡಿದರು. 1744ರಲ್ಲಿ ರೋಮ್ ಆ ಬಾಗಿಲನ್ನು ಬಿಗಿಮಾಡಿತು. ಮುಂದೆ ಜಪಾನಿನಲ್ಲಿ, 1932ರಲ್ಲಿ, ಟೋಕಿಯೊದ ಕಥೋಲಿಕ ವಿಶ್ವವಿದ್ಯಾನಿಲಯವಾದ ಜೋಚಿಯ ಕೆಲವು ವಿದ್ಯಾರ್ಥಿಗಳು ಯಾಸುಕುನಿ ಎಂಬ ಯೋಧಸ್ಮಾರಕದ ಗುಡಿಗೆ ಬಾಗಲು ನಿರಾಕರಿಸಿದಾಗ ದೊಡ್ಡ ಗಲಭೆಯಾಯಿತು. 1936ರಲ್ಲಿ ರೋಮ್ ಆ ಬಾಗುವಿಕೆಯನ್ನು ದೇಶಭಕ್ತಿಯ ಮರ್ಯಾದೆಯೆಂದು ಪರಿಗಣಿಸಿ ಅನುಮತಿಸಿತು. ಈ ಅನುಮತಿಯನ್ನು ನಾನು ಪೂರ್ತಿಯಾಗಿ ಮೆಚ್ಚಲಾರೆ. ಪೂಜೆಯಲ್ಲವೆಂದು ಒಪ್ಪಿಕೊಂಡ ಆ ಬಾಗು, ಬಲುಬೇಗ ಯುದ್ಧಕ್ಕೆ ಒಪ್ಪಿಗೆ ಕೊಟ್ಟ ಬಾಗಾಯಿತು. ದೇವರ ಹೆಸರಿಲ್ಲದ ಮಾತ್ರಕ್ಕೆ ಒಂದು ನಮಸ್ಕಾರ ನಿರಪಾಯವೆಂದು ತಿಳಿಯಬಾರದು.

ಇಷ್ಟೆಲ್ಲ ದೂರ ಸುತ್ತಿ ಮತ್ತೆ ನಮ್ಮ ಊರಿಗೆ ಬಂದರೆ, ಆರ್.ಟಿ. ನಗರದಿಂದ ಕೆಲವೇ ಮೈಲಿಗಳಾಚೆ, ಹಚಿನ್ಸ್ ರಸ್ತೆಯಲ್ಲಿ, 1967ರಲ್ಲಿ ಅಮಲೋರ್‌ಪವದಾಸ್ ಎಂಬ ಪಾದ್ರಿಗಳ ನೇತೃತ್ವದಲ್ಲಿ ಕಥೋಲಿಕರ ರಾಷ್ಟ್ರೀಯ ಬೈಬಲ್ ಮತ್ತು ಆರಾಧನಾ ಕೇಂದ್ರ ಆರಂಭವಾಯಿತು. ಭಾರತದ ಆರಾಧನೆಗೆ ಭಾರತದ ಮೈಮಾತನ್ನು ತರಬೇಕೆಂಬುದು ಅವರ ಹಂಬಲ. 1969ರಲ್ಲಿ ರೋಮ್ ಮಂಜೂರು ಮಾಡಿದ ಹನ್ನೆರಡು ಅಂಶಗಳಲ್ಲಿ ಮಂಡಿಯೂರುವುದಕ್ಕೆ ಬದಲಾಗಿ ಕೈಜೋಡಿಸಿ ಬಾಗಬಹುದು, ಪಾದರಕ್ಷೆ ಬಿಡಬಹುದು, ನೆಲದ ಮೇಲೆ ಕೂರಬಹುದು ಎಂಬವು ಇದ್ದವು. ಪವಿತ್ರವಸ್ತುವನ್ನು ಚುಂಬಿಸುವ ಬದಲು ಅದನ್ನು ಕೈಯಿಂದ ಮುಟ್ಟಿ ಕಣ್ಣಿಗೋ ಹಣೆಗೋ ಒತ್ತಿಕೊಳ್ಳಬಹುದೆಂಬುದೂ ಒಂದು. ಪೈಲ್ವಾನನು ಮಟ್ಟಿಗಿಳಿಯುವಾಗ ಮಾಡುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಒಂದೇ ಭಂಗಿ. ಅದು ಗರಡಿಗೆ ಸೇರಿದ್ದೂ ಅಲ್ಲ, ಗುಡಿಗೆ ಸೇರಿದ್ದೂ ಅಲ್ಲ. ತುಳಿದ ಪುಸ್ತಕವನ್ನು ಎತ್ತಿ ಕಣ್ಣಿಗೊತ್ತಿಕೊಳ್ಳುವ ಮಗುವಿನಿಂದ ಹಿಡಿದು ಈ ನಾಡಿನವರೆಲ್ಲರಿಗೆ ಸೇರಿದ್ದು. ನಮ್ಮ ಪ್ರೊಟೆಸ್ಟಂಟ್ ಸಭೆಗಳಿಗೆ ರೋಮಿನ ಆಜ್ಞೆ ಅನ್ವಯಿಸುವುದಿಲ್ಲ, ನಿಜ. ಭಂಗಿಯಾದರೋ ನಮಗೂ ಅನ್ವಯಿಸುತ್ತದೆ.

ಇನ್ನು ಕರಾಟೆ. ತರಗತಿಯ ಮೊದಲಲ್ಲಿ ಕೊನೆಯಲ್ಲಿ ಸೊಂಟದಿಂದ ಬಾಗುತ್ತೇವೆ. ಜಪಾನಿ ಭಾಷೆಯಲ್ಲಿ ಅದಕ್ಕೆ ರೇ ಎನ್ನುತ್ತಾರೆ. ಮರ್ಯಾದೆ, ಶಿಷ್ಟಾಚಾರ ಎಂದು ಆ ಮಾತಿನ ಅರ್ಥ. ವಿಧಿ ಎಂಬ ಛಾಯೆಯೂ ಅದಕ್ಕಿದೆ. ಜಪಾನಿನ ಹಲವು ಅಭ್ಯಾಸಮಂದಿರಗಳಲ್ಲಿ ಗೋಡೆಯ ಮೇಲೆ ಶಿಂಟೋ ದೇವತೆಯ ಪುಟ್ಟ ಗೂಡಿರುತ್ತದೆ. ಅದರತ್ತ ಬಾಗುವುದೂ ಎದುರಾಳಿಯತ್ತ ಬಾಗುವುದೂ ಒಂದೇ ಎಂದು ನಾನು ಹೇಳಲಾರೆ. ಆದರೆ ನಾನು ಕಂಡ ಬೆಂಗಳೂರಿನ ತರಗತಿಗಳು ನಡೆಯುವುದು ಶಾಲೆಯ ಅಂಗಳಗಳಲ್ಲಿ, ಬಾಡಿಗೆಯ ಸಭಾಂಗಣಗಳಲ್ಲಿ, ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ನೆಲಮಾಳಿಗೆಗಳಲ್ಲಿ. ಅಲ್ಲಿ ಗೂಡಿಲ್ಲ, ಹೆಚ್ಚೆಂದರೆ ಫುನಾಕೋಶಿ ಗಿಚಿನ್‌ರ ಭಾವಚಿತ್ರವಿರುತ್ತದೆ. ಓಕಿನಾವದ ಶಾಲಾ ಉಪಾಧ್ಯಾಯರಾಗಿದ್ದು, 1922ರಲ್ಲಿ ಟೋಕಿಯೊಗೆ ಹೋಗಿ ಕರಾಟೆಯನ್ನು ಪ್ರಚಾರಕ್ಕೆ ತಂದು, 1957ರಲ್ಲಿ ತೀರಿಕೊಂಡ ಮೇಷ್ಟರು ಅವರು. ಸಭಾಪಾಲಕರ ಕೊಠಡಿಯಲ್ಲಿ ಹಿಂದಿನ ಪಾಲಕರ ಭಾವಚಿತ್ರಗಳಿಗೆ ಹಾರ ಹಾಕುವ ನಾವು, ಒಬ್ಬ ಮೇಷ್ಟರ ಚಿತ್ರಕ್ಕೆ ತಲೆಬಾಗಿದರೆ ಧರ್ಮ ಕೆಡುತ್ತದೆಂದು ಹೇಳುವುದು ಹೇಗೆ? ಕಣ್ಣು ಮುಚ್ಚಿ ಕೂರುವ ಒಂದು ನಿಮಿಷದ ಮೌನದ ಬಗ್ಗೆಯೂ ಆಕ್ಷೇಪಣೆ ಬರುತ್ತದೆ. ಆ ಮೌನ ಝೆನ್ ಪಂಥದ ಸಂಪರ್ಕದಿಂದ ಬಂದಿರಬಹುದು. ಅದನ್ನು ಯಾವುದರಿಂದ ತುಂಬಿಕೊಳ್ಳಬೇಕೆಂಬುದು ಕೂತವನಿಗೆ ಬಿಟ್ಟದ್ದು. ಹತ್ತು ವರ್ಷದ ಹುಡುಗರಂತೂ ಅದನ್ನು ಪಕ್ಕದವನ ಪಕ್ಕೆ ತಿವಿಯುವುದರಿಂದ ತುಂಬಿಕೊಳ್ಳುತ್ತಾರೆ. ಕಳರಿಯ ಸಂಗತಿ ಹೀಗಲ್ಲ. ಅಲ್ಲಿ ನೈಋತ್ಯದ ಮೂಲೆಯ ಏಳು ಮೆಟ್ಟಿಲಿನ ಪುತ್ತರ ನಿಜವಾಗಿಯೂ ದೇವತೆಯ ಸ್ಥಾನ. ಅದರ ಮುಂದಿನ ವಂದನೆ ಪೂಜೆಯೇ. ಸೇರುವ ಕ್ರೈಸ್ತನು ಇದನ್ನು ಗುರುಗಳೊಡನೆ ಮೊದಲೇ ಮಾತಾಡಿಕೊಳ್ಳುವುದು ಲೇಸು. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಗೊಂದಲ ಹೆಚ್ಚುತ್ತದೆ.

ಈಗ ಯಾರೂ ಕೇಳದ ಪ್ರಶ್ನೆಗೆ ಬರೋಣ. ಒಂದು ಕೆನ್ನೆಗೆ ಹೊಡೆದವನಿಗೆ ಮತ್ತೊಂದನ್ನು ತೋರಬೇಕೆಂಬ ಬೋಧೆಯನ್ನು ಒಪ್ಪಿದವನು ಗುದ್ದುವುದನ್ನೇಕೆ ಕಲಿಯಬೇಕು? ಇದಕ್ಕೆ ಸಲೀಸಾದ ಉತ್ತರವಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಆ ಮಾತು ಬಲಗೆನ್ನೆಯನ್ನೇ ಹೆಸರಿಸುತ್ತದೆಂಬುದನ್ನು ವಿದ್ವಾಂಸರು ಗಮನಿಸಿದ್ದಾರೆ. ಎದುರು ನಿಂತವನು ಬಲಗೈಯಿಂದ ನಿಮ್ಮ ಬಲಗೆನ್ನೆಗೆ ಹೊಡೆಯಬೇಕಾದರೆ ಹಿಂಗೈಯಿಂದ ಹೊಡೆಯಬೇಕು. ಅದು ಒಡೆಯನು ಆಳಿಗೆ ಕೊಡುವ ಅವಮಾನದ ಏಟು, ಪ್ರಾಣ ತೆಗೆಯುವ ಏಟಲ್ಲ. ಅವಮಾನಕ್ಕೆ ಅವಮಾನದಿಂದ ಉತ್ತರ ಕೊಡಬೇಡ, ಹೆದರಿ ಓಡಲೂ ಬೇಡ, ನಿಂತಿರು ಎಂಬುದು ಅದರ ಒಂದು ವ್ಯಾಖ್ಯಾನ. ಮಹಾಯಾಜಕನ ಮುಂದೆ ಸೇವಕನೊಬ್ಬ ಕೆನ್ನೆಗೆ ಹೊಡೆದಾಗ ಯೇಸು ಏಕೆ ಹೊಡೆದೆ ಎಂದು ಅವನನ್ನು ಪ್ರಶ್ನಿಸಿದನೆಂದು ಯೋಹಾನನು ಬರೆಯುತ್ತಾನೆ. ಅದಕ್ಕೆ ಸ್ವಲ್ಪ ಮುಂಚೆ, ತನ್ನನ್ನು ಕಾಪಾಡಲೆಂದು ಕತ್ತಿ ಬೀಸಿದ ಪೇತ್ರನನ್ನೂ ಅವನು ತಡೆದಿದ್ದ. ತನಗಾಗಿ ಕತ್ತಿ ಬೇಡವೆಂದದ್ದು ಸ್ಪಷ್ಟ. ದುರ್ಬಲನೊಬ್ಬನ ಮೇಲೆ ಕೈಯೆತ್ತಿದವನ ಕೈಯನ್ನು ಹಿಡಿಯಬಾರದೆಂದು ಅವನು ಹೇಳಿದನೆ? ನಾನು ಹುಡುಕಿದ್ದೇನೆ, ನನಗೆ ಸಿಕ್ಕಿಲ್ಲ.

ಕರಾಟೆಯಲ್ಲಿ ಮೊದಲ ಏಟು ಎಂಬುದಿಲ್ಲವೆಂದು ಫುನಾಕೋಶಿಯವರು ಬೋಧಿಸುತ್ತಿದ್ದರು. ನಾವು ಮಕ್ಕಳಿಗೆ ಮೊದಲು ಕಲಿಸುವ ಐದು ಹೇಯಾನ್ ಕತಾಗಳೂ ತಡೆಯುವ ಚಲನೆಯಿಂದಲೇ ಶುರುವಾಗುತ್ತವೆ. ಸಿನಿಮಾದ ಕರಾಟೆಗೂ ಪದಕದ ಕರಾಟೆಗೂ ಇದು ಮರೆತುಹೋಗಿರಬಹುದು. ಅಂಕ ಗಳಿಸಲು ಮುನ್ನುಗ್ಗಿ ಹೊಡೆಯುವ ಹುಡುಗನಿಗೆ ಚಪ್ಪಾಳೆ ಬೀಳುತ್ತದೆ. ಅದೇ ಹುಡುಗ ಎದ್ದು ಎದುರಾಳಿಗೆ ಬಾಗಿದಾಗ ಅವನ ತಾಯಿಗೆ ವಿಗ್ರಹಾರಾಧನೆಯ ಭಯವಾಗುತ್ತದೆ. ಆ ಇಪ್ಪತ್ತು ಸೆಕೆಂಡಿನಲ್ಲಿ ಕ್ರೈಸ್ತನ ಕಳವಳಕ್ಕೆ ಅರ್ಹವಾದದ್ದು ಯಾವುದು? ಬಾಗಿದ್ದೇ ಅದರಲ್ಲಿ ಹೆಚ್ಚು ಸುವಾರ್ತೆಗೆ ಹತ್ತಿರವಾದದ್ದೆಂದು ನಾನು ತಿಳಿದಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಗೆ ಒಬ್ಬ ಹುಡುಗಿ ಬರುತ್ತಿದ್ದಳು. ಪಿ.ಯು.ಸಿ. ಮುಗಿಸಿ ಯಶವಂತಪುರದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮನೆ ಸೇರುವಾಗ ರಾತ್ರಿ ಒಂಬತ್ತಾಗುತ್ತಿತ್ತು. ತಂದೆ ಇರಲಿಲ್ಲ. ಬಸ್ಸಿಳಿದು ನಡೆಯುವ ದಾರಿಯಲ್ಲಿ ಅವಳನ್ನು ಹಿಂಬಾಲಿಸುವವನೊಬ್ಬನಿದ್ದ. ಅವಳು ಕರಾಟೆಗೆ ಸೇರಿದ್ದು ಅದಕ್ಕಾಗಿ. ಒಂದು ಸಂಜೆ ತಾಯಿ ಬಂದು, "ಮಾಸ್ಟರೇ, ನೀವೂ ಆರಾಧನೆಗೆ ಬರೋರು. ಇದು ಬೇರೆ ದೇವರ ವಿದ್ಯೆ, ಬಿಡಿಸಿಬಿಡಿ ಅಂತ ನಮ್ಮ ಪ್ರಾರ್ಥನೆಯ ಗುಂಪಿನಲ್ಲಿ ಹೇಳ್ತಾ ಇದಾರೆ. ಬಿಡಿಸಿದರೆ ರಾತ್ರಿ ನನಗೆ ನಿದ್ದೆ ಬರಲ್ಲ. ಬಿಡಿಸದಿದ್ದರೆ ಗುಂಪಿಗೆ ಹೇಗೆ ಹೋಗಲಿ? ನೀವೇ ಹೇಳಿ" ಎಂದರು. ಆ ಗುಂಪಿನ ಹೊರತು ಅವರಿಗೆ ನೆರವಿನ ಕೈ ಇನ್ನೊಂದ್ಯಾವುದೂ ಇರಲಿಲ್ಲ. ಗಂಡ ಸತ್ತಾಗ ಬಾಡಿಗೆ ಕಟ್ಟಿದವರೇ ಅವರು. ಪೌಲನು ಹೇಳಿದ ನೋಡುವವನ ಕಣ್ಣು ಎಂದರೆ ಏನೆಂಬುದು ನನಗೆ ಅಂದು ಪುಸ್ತಕದ ಹೊರಗೆ ಕಂಡಿತು. ಆ ಗುಂಪಿನವರೂ ದುರ್ಜನರಲ್ಲ. ಅವರಲ್ಲಿ ಹಲವರು ವಿಗ್ರಹಪೂಜೆಯ ಮನೆತನಗಳನ್ನು ಬಿಟ್ಟು, ಬಂಧುಗಳನ್ನು ಕಳೆದುಕೊಂಡು ಬಂದವರು. ಅವರ ಪಾಲಿಗೆ ಬಾಗುವುದೆಂದರೆ ಹಿಂದೆ ಬಿಟ್ಟುಬಂದ ಬಾಗಿಲಿಗೆ ಮತ್ತೆ ಬಾಗುವುದು.

ನಾನು ಆ ತಾಯಿಯೊಡನೆ ಗುಂಪಿನ ಹಿರಿಯರ ಮನೆಗೆ ಹೋದೆ. ನಾಮಾನನ ಕಥೆಯ ಉಳಿದರ್ಧವನ್ನು ಒಟ್ಟಿಗೆ ಓದಿದೆವು. ಅವರು ಒಪ್ಪಲಿಲ್ಲ; ನಾಮಾನನು ಕ್ಷಮೆ ಕೇಳಿದ, ಆದ್ದರಿಂದ ಅದು ತಪ್ಪೆಂದು ಅವನಿಗೆ ಗೊತ್ತಿತ್ತು ಎಂದರು. ಒಳ್ಳೆಯ ವಾದ. ನಾನು ಹುಡುಗಿಯನ್ನು ಹಿಂಬಾಲಿಸುವವನ ವಿಷಯ ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ, ತಾಯಿ ಹೇಳಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ಆ ಹಿರಿಯರು, ಚಿತ್ರಕ್ಕೆ ಬಾಗದೆ ಕಲಿಯಲಾದೀತೆ ಎಂದು ಕೇಳಿದರು. ಧಾರಾಳವಾಗಿ ಆದೀತು ಎಂದೆ. ಮರುದಿನದಿಂದ ಅವಳು ಎದುರಾಳಿಗೆ ಬಾಗುತ್ತಿದ್ದಳು, ಚಿತ್ರಕ್ಕೆ ಬಾಗುತ್ತಿರಲಿಲ್ಲ. ಬಸ್ ನಿಲ್ದಾಣದಿಂದ ಮನೆಯವರೆಗೆ ಗುಂಪಿನ ಇಬ್ಬರು ಗಂಡಸರು ಸರದಿಯ ಮೇಲೆ ಅವಳ ಜೊತೆಗೆ ನಡೆಯತೊಡಗಿದರು. ಹೀಗಾಗಿ ಅವಳ ಕರಾಟೆಯನ್ನು ಪರೀಕ್ಷಿಸುವ ಸಂದರ್ಭ ಆ ದಾರಿಯಲ್ಲಿ ಒದಗಲೇ ಇಲ್ಲ.

ಆ ಬಳಿಕ ನಾನು ತರಗತಿಯಲ್ಲಿ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಹೊಸದಾಗಿ ಸೇರುವ ಮಕ್ಕಳ ತಂದೆತಾಯಿಯರನ್ನು ಮೊದಲ ದಿನ ಕೂರಿಸಿಕೊಂಡು, ಇಲ್ಲಿ ಯಾವಾಗ ಬಾಗುತ್ತೇವೆ, ಯಾರಿಗೆ, ಏಕೆ ಎಂದು ತಿಳಿಸುತ್ತೇನೆ. ಚಿತ್ರಕ್ಕೆ ಬಾಗಲು ಮನಸ್ಸಿಲ್ಲದವರು ನೆಟ್ಟಗೆ ನಿಂತಿರಬಹುದು. ಎದುರಾಳಿಗೆ ಬಾಗದವರಿಗೆ ಮಾತ್ರ ನಾನು ಕಲಿಸುವುದಿಲ್ಲ. ಮುಸಲ್ಮಾನರ ಮಕ್ಕಳಲ್ಲಿಯೂ ಕೆಲವರು ನಿಂತಿರುತ್ತಾರೆ, ಕ್ರೈಸ್ತರಲ್ಲಿಯೂ ಕೆಲವರು. ಹಿಂದೂಗಳ ಮಕ್ಕಳು ಬಾಗುವುದರ ಜೊತೆಗೆ ಚಿತ್ರವನ್ನು ಮುಟ್ಟಿ ಕಣ್ಣಿಗೂ ಒತ್ತಿಕೊಳ್ಳುತ್ತಾರೆ. ಜಪಾನಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲವೆಂದು ಹೇಳಿ ಹೇಳಿ ನಾನು ಸಾಕಾಗಿ ಬಿಟ್ಟಿದ್ದೇನೆ.